ರಚಿನ್ ಸೆಂಚುರಿ ಹೊಡೆದರೆ ಚಪ್ಪಾಳೆ ತಟ್ಟಬಹುದಾ? ಮ್ಯಾಚ್ ನೋಡುವವರಿಗೊಂದು ಕೈಪಿಡಿ

ಭಾರತದ ಮೂಲದವನೊಬ್ಬ ಬೇರೆ ದೇಶದ ಜರ್ಸಿ ಹಾಕಿಕೊಂಡು ಚೆನ್ನಾಗಿ ಆಡಿದ ದಿನ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ನೋಡ್ರೀ, ನಮ್ಮ ಹುಡುಗ!" ಇನ್ನೊಂದು, "ಇಲ್ಲಿನ ಅನ್ನ ತಿಂದು ಅಲ್ಲಿಗೆ ಆಡ್ತಾನಲ್ಲ." ತಮಾಷೆ ಏನೆಂದರೆ ಎಷ್ಟೋ ಸಲ ಎರಡನ್ನೂ ಹೇಳುವುದು ಒಬ್ಬನೇ ಮನುಷ್ಯ. ಎದುರಾಳಿ ಯಾರು ಅನ್ನೋದರ ಮೇಲೆ ಮಾತು ಬದಲಾಗುತ್ತದೆ ಅಷ್ಟೇ. 2024ರ ಜೂನ್ 6ರಂದು ಅಮೆರಿಕ ತಂಡದ ಬೌಲರ್ ಸೌರಭ್ ನೇತ್ರವಾಲ್ಕರ್ ಡಲ್ಲಾಸ್ ಹತ್ತಿರ ಸೂಪರ್ ಓವರ್ ಎಸೆದು ಪಾಕಿಸ್ತಾನವನ್ನು ಸೋಲಿಸಿದರು. ಅವತ್ತು ಅವರು ಇಡೀ ಭಾರತಕ್ಕೆ ಮನೆಮಗ. ಜೂನ್ 12ರಂದು ನ್ಯೂಯಾರ್ಕ್‌ನಲ್ಲಿ ಅದೇ ಮನುಷ್ಯ ವಿರಾಟ್ ಕೊಹ್ಲಿಯನ್ನು ಮೊದಲ ಬಾಲಿಗೇ ಔಟ್ ಮಾಡಿ, ರೋಹಿತ್ ಶರ್ಮಾರನ್ನು 3 ರನ್ನಿಗೆ ಪೆವಿಲಿಯನ್‌ಗೆ ಕಳಿಸಿದರು. ಒಂದು ವಾರವೂ ಆಗಿರಲಿಲ್ಲ, ಮನೆಮಗನ ಮೇಲೆ ಸಿಟ್ಟು ಬಂತು.

ಮ್ಯಾಚ್ ನೋಡುತ್ತಾ ಕೂತಾಗ, ಅಥವಾ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಭಾವನೋ ಚಿಕ್ಕಪ್ಪನೋ ಕೆಂಡ ಕಾರುತ್ತಿರುವಾಗ, ಯಾವ ಪ್ರಶ್ನೆ ಮೊದಲು ಕೇಳಬೇಕು, ಯಾವುದು ಆಮೇಲೆ ಅನ್ನೋದನ್ನು ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ. ದೇಶಾಭಿಮಾನ ಬಿಟ್ಟುಬಿಡಿ ಅಂತ ಹೇಳುವುದಕ್ಕಲ್ಲ. ಭಾರತ ಸೋತ ರಾತ್ರಿ ನನಗೂ ಊಟ ಸೇರುವುದಿಲ್ಲ. ಆದರೆ ಸಿಟ್ಟು ಬಂದರೂ ಸರಿಯಾದ ಜಾಗಕ್ಕೆ ಬರಲಿ, ಹೆಮ್ಮೆ ಪಟ್ಟರೂ ನಮ್ಮ ಪಾಲಿನಷ್ಟೇ ಪಡೋಣ ಅನ್ನೋದು ನನ್ನ ವಾದ.

ಮೊದಲು ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ ಅಂತ ನೋಡಿ

ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುವುದರಿಂದಲೇ ಅರ್ಧ ಜಗಳ ಹುಟ್ಟುವುದು.

ನ್ಯೂಜಿಲೆಂಡ್ ತಂಡದ ರಚಿನ್ ರವೀಂದ್ರ ಹುಟ್ಟಿದ್ದು 1999ರಲ್ಲಿ, ವೆಲ್ಲಿಂಗ್ಟನ್‌ನಲ್ಲಿ. ಅಪ್ಪ ಅಮ್ಮ ಬೆಂಗಳೂರಿನವರು. ಹುಡುಗ ಶಾಲೆಗೆ ಹೋಗಿದ್ದು, ಕ್ರಿಕೆಟ್ ಆಡಿ ಮೇಲೆ ಬಂದಿದ್ದು ಎಲ್ಲ ನ್ಯೂಜಿಲೆಂಡ್‌ನಲ್ಲೇ. ಅವರು ಯಾವ ದೇಶವನ್ನೂ ಬಿಟ್ಟು ಹೋಗಿಲ್ಲ. ಅವರ ಪಾಲಿಗೆ ಭಾರತ ಅಜ್ಜ ಅಜ್ಜಿಯ ಊರು. ಅವರನ್ನು "ಬಿಟ್ಟು ಹೋದವನು" ಅಂದರೆ ಅದು ಸುಮ್ನೆ ತಪ್ಪು ಮಾಹಿತಿ, ಅಭಿಪ್ರಾಯವೂ ಅಲ್ಲ.

ಅಜಾಜ್ ಪಟೇಲ್ ಮುಂಬೈಯಲ್ಲಿ ಹುಟ್ಟಿದವರು. ಎಂಟು ವರ್ಷದವರಿದ್ದಾಗ ಮನೆಯವರು ನ್ಯೂಜಿಲೆಂಡ್‌ಗೆ ಹೋದರು. ಎಂಟು ವರ್ಷದ ಮಗುವನ್ನು ಯಾರಾದರೂ ಕೇಳಿ ಕರೆದುಕೊಂಡು ಹೋಗುತ್ತಾರಾ? 2021ರ ನವೆಂಬರಿನ ಕಾನ್ಪುರ ಟೆಸ್ಟ್ ನೆನಪಿದೆಯಾ? ಕೊನೇ ದಿನ, ಕೊನೇ ಜೋಡಿ, ಬೆಳಕು ಕಮ್ಮಿಯಾಗುತ್ತಿದೆ, ಬ್ಯಾಟರ್‌ಗಳ ಸುತ್ತ ನಮ್ಮವರು ಮುತ್ತಿಕೊಂಡು ನಿಂತಿದ್ದಾರೆ, ಭಾರತಕ್ಕೆ ಬೇಕಿದ್ದದ್ದು ಒಂದೇ ಒಂದು ವಿಕೆಟ್. ಕ್ರೀಸಿನಲ್ಲಿ ಇದ್ದವರು ಮೊದಲ ಟೆಸ್ಟ್ ಆಡುತ್ತಿದ್ದ ರಚಿನ್ ಮತ್ತು ಈ ಅಜಾಜ್. ರಚಿನ್ 91 ಬಾಲ್ ಎದುರಿಸಿ 18, ಅಜಾಜ್ 23 ಬಾಲಿಗೆ 2. ಕೊನೆಯ 52 ಬಾಲ್ ಇಬ್ಬರೂ ತಡೆದು ನಿಂತು ಮ್ಯಾಚ್ ಡ್ರಾ ಮಾಡಿಬಿಟ್ಟರು. ಅದಾದ ಮುಂದಿನ ಟೆಸ್ಟಿನಲ್ಲೇ, ಹುಟ್ಟಿದ ಊರಾದ ಮುಂಬೈಯ ವಾಂಖೆಡೆಯಲ್ಲಿ, ಅಜಾಜ್ ಒಂದೇ ಇನ್ನಿಂಗ್ಸಿನಲ್ಲಿ ಹತ್ತೂ ವಿಕೆಟ್ ಕಿತ್ತರು. ಟೆಸ್ಟ್ ಇತಿಹಾಸದಲ್ಲಿ ಅವರಿಗೂ ಮೊದಲು ಆ ಕೆಲಸ ಮಾಡಿದ್ದವರು ಇಬ್ಬರೇ, ಜಿಮ್ ಲೇಕರ್ ಮತ್ತು ನಮ್ಮ ಅನಿಲ್ ಕುಂಬ್ಳೆ. (ಅಷ್ಟು ಮಾಡಿದರೂ ಮುಂದಿನ ತವರಿನ ಸರಣಿಗೆ ನ್ಯೂಜಿಲೆಂಡ್ ಅವರನ್ನು ಆರಿಸಲಿಲ್ಲ. ಅಲ್ಲಿನ ಪಿಚ್ ಸ್ಪಿನ್ನರ್‌ಗೆ ಸರಿಹೋಗುವುದಿಲ್ಲವಂತೆ. ಆಯ್ಕೆ ಸಮಿತಿಗಳು ಎಲ್ಲ ಕಡೆ ಒಂದೇ ಥರ, ಅಲ್ವಾ?)

ನಾಸ್ತುಷ್ ಕೆಂಜಿಗೆ ಅವರದ್ದು ಪೂರ್ತಿ ಉಲ್ಟಾ ಕಥೆ. ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ. ಕೂಸಾಗಿದ್ದಾಗಲೇ ಕುಟುಂಬ ವಾಪಸ್ ಬಂತು. ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರ ಮನೆ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್, ಕ್ಲಬ್ ಕ್ರಿಕೆಟ್. 2015ರ ಹೊತ್ತಿಗೆ ಅಮೆರಿಕಕ್ಕೆ ಮರಳಿದರು, ಕ್ರಿಕೆಟ್ ಅಲ್ಲಿ ಮತ್ತೆ ಕೈಹಿಡಿಯಿತು. ನೇತ್ರವಾಲ್ಕರ್ ಸೂಪರ್ ಓವರ್ ಎಸೆದ ಅದೇ ಪಾಕಿಸ್ತಾನದ ಮ್ಯಾಚಿನಲ್ಲಿ ಇವರು 30 ರನ್ ಕೊಟ್ಟು 3 ವಿಕೆಟ್ ತೆಗೆದರು. ಇವರು ಹುಟ್ಟಿದ ದೇಶಕ್ಕೆ ಆಡಿದರು ಅನ್ನುತ್ತದೆ ಕಾಗದ. ಚಿಕ್ಕಮಗಳೂರಿನವರ ಲೆಕ್ಕ ಬೇರೆ ಇರಬಹುದು.

ಇನ್ನು ನೇತ್ರವಾಲ್ಕರ್. ಇಲ್ಲೇ ಹುಟ್ಟಿ ಇಲ್ಲೇ ಬೆಳೆದು, 2010ರ ಅಂಡರ್-19 ವಿಶ್ವಕಪ್ಪಿನಲ್ಲಿ ಭಾರತದ ಜರ್ಸಿ ಹಾಕಿದವರು. ಆ ತಂಡದಲ್ಲಿ ನಮ್ಮ ಕೆ.ಎಲ್. ರಾಹುಲ್, ಮಯಾಂಕ್ ಅಗರ್ವಾಲ್ ಕೂಡ ಇದ್ದರು. "ಬಿಟ್ಟು ಹೋದರಾ?" ಅನ್ನುವ ಪ್ರಶ್ನೆಗೆ ಅರ್ಥ ಇರುವುದು ಇಂಥವರ ವಿಷಯದಲ್ಲಿ ಮಾತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ನಿಯಮ ಗೊತ್ತಿಲ್ಲದೆ ವಾದಕ್ಕೆ ಇಳಿಯಬೇಡಿ

ಐಸಿಸಿ ನಿಯಮ ದೊಡ್ಡ ಗಣಿತ ಏನಲ್ಲ. ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿನ ಪೌರತ್ವ ಇರಬೇಕು, ಇಲ್ಲವೇ ಮೂರು ವರ್ಷ ಅಲ್ಲೇ ಮನೆ ಮಾಡಿಕೊಂಡು ಇದ್ದಿರಬೇಕು. ಮೂರರಲ್ಲಿ ಒಂದಿದ್ದರೆ ಸಾಕು. ಅಂದರೆ ಬೇರೆ ದೇಶಕ್ಕೆ ಕ್ರಿಕೆಟ್ ಆಡುವವನು ಪಾಸ್‌ಪೋರ್ಟ್ ಬದಲಾಯಿಸಿಯೇ ಇರಬೇಕು ಅಂತೇನಿಲ್ಲ. ಟೆಸ್ಟ್ ಆಡುವ ಒಂದು ದೇಶದ ಪರ ಆಡಿದವನು ಇನ್ನೊಂದು ದೇಶಕ್ಕೆ ಹೋದರೆ ಕೊನೆಯ ಮ್ಯಾಚ್ ಆದಮೇಲೆ ಮೂರು ವರ್ಷ ಕಾಯಬೇಕು. ಇಯಾನ್ ಮಾರ್ಗನ್ ಐರ್ಲೆಂಡ್‌ಗೆ ವಿಶ್ವಕಪ್ ಆಡಿ ಇಂಗ್ಲೆಂಡ್‌ಗೆ ಹೋದಾಗ ಐರ್ಲೆಂಡ್ ಇನ್ನೂ ಟೆಸ್ಟ್ ದೇಶ ಆಗಿರಲಿಲ್ಲ. ಹಾಗಾಗಿ ಕಾಯುವ ತಾಪತ್ರಯ ಇರಲಿಲ್ಲ. ಅದೇ ಮಾರ್ಗನ್ 2019ರಲ್ಲಿ ಇಂಗ್ಲೆಂಡ್‌ಗೆ ವಿಶ್ವಕಪ್ ಗೆದ್ದುಕೊಟ್ಟ ಕ್ಯಾಪ್ಟನ್.

ಒಲಿಂಪಿಕ್ಸ್‌ನಲ್ಲೂ ಹಳೇ ದೇಶಕ್ಕೆ ಕೊನೆಯ ಸಲ ಆಡಿ ಮೂರು ವರ್ಷ ಕಳೆದಿರಬೇಕು. ಆದರೆ ಹಳೇ ದೇಶ ಒಪ್ಪಿದರೆ ಆ ಅವಧಿ ಕಮ್ಮಿ ಮಾಡಬಹುದು. ಒಪ್ಪದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಮುಂದೆ ಒಂದು ಉದಾಹರಣೆ ಬರುತ್ತದೆ.

ಭಾರತದ ವಿಷಯಕ್ಕೆ ಬಂದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ನಮ್ಮ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಜಾಗ ಇಲ್ಲ. ಇನ್ನೊಂದು ದೇಶದ ಪೌರತ್ವ ತೆಗೆದುಕೊಂಡ ಕೂಡಲೇ ನಮ್ಮದು ಹೋಯಿತು. ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದರೆ ವೀಸಾ ಇಲ್ಲದೆ ಬಂದು ಹೋಗಬಹುದು, ಆದರೆ ಭಾರತ ತಂಡಕ್ಕೆ ಆಡುವುದಕ್ಕೆ ಆಗುವುದಿಲ್ಲ. 2008ರ ಕೊನೆಯಲ್ಲಿ ಕ್ರೀಡಾ ಸಚಿವಾಲಯ ಈ ನಿಯಮ ತಂದಿತು. ಅದಕ್ಕೂ ಮೊದಲು ಅಮೆರಿಕದಲ್ಲಿ ಹುಟ್ಟಿದ ಪ್ರಕಾಶ್ ಅಮೃತರಾಜ್ ಭಾರತಕ್ಕೆ ಟೆನಿಸ್‌ನ ಡೇವಿಸ್ ಕಪ್ ಆಡಿದ್ದರು. "ಅಷ್ಟು ಪ್ರೀತಿ ಇದ್ದರೆ ಭಾರತಕ್ಕೇ ಆಡಬಹುದಿತ್ತಲ್ಲ" ಅನ್ನುವವರಿಗೆ ಇದನ್ನು ಹೇಳಿ. ಆಡುವುದಕ್ಕೆ ಅವನು ಹುಟ್ಟಿದ ದೇಶದ ಪಾಸ್‌ಪೋರ್ಟ್ ಮೊದಲು ಬಿಡಬೇಕು, ತಂಡದಲ್ಲಿ ಜಾಗ ಸಿಗುವುದೋ ಇಲ್ಲವೋ ಆಮೇಲಿನ ಮಾತು.

ಬಾಗಿಲು ಹಾಕಿದ್ದು ಯಾರು?

ಬೆಳೆದ ದೇಶ ಬಿಟ್ಟು ಹೋದವರ ವಿಷಯದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಇದು. 140 ಕೋಟಿ ಜನಕ್ಕೆ ಹನ್ನೊಂದು ಜಾಗ. ರಣಜಿಯಲ್ಲಿ 38 ತಂಡ ಇದ್ದರೂ ಮುಂಬೈಗೋ ಕರ್ನಾಟಕಕ್ಕೋ ಖಾಯಂ ಆಗಿ ಆಡುವುದು ಎಷ್ಟು ಕಷ್ಟ ಅಂತ ಕ್ಲಬ್ ಕ್ರಿಕೆಟ್ ಆಡಿದ ಯಾರನ್ನಾದರೂ ಕೇಳಿ ನೋಡಿ. ನೇತ್ರವಾಲ್ಕರ್ ಮುಂಬೈಗೆ ರಣಜಿ ಆಡಿದರು, ಗಟ್ಟಿಯಾದ ಜಾಗ ಸಿಗಲಿಲ್ಲ. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಸೈನ್ಸ್ ಓದಲು ಹೋದರು, ಆಮೇಲೆ ಒರಾಕಲ್‌ನಲ್ಲಿ ಕೆಲಸಕ್ಕೆ ಸೇರಿದರು. ನಮ್ಮ ಮನೆಗಳಿಂದ ಹೋದ ಸಾವಿರಾರು ಹುಡುಗರು ಮಾಡಿದ್ದೂ ಇದನ್ನೇ. ಅವರನ್ನು ಕಳಿಸುವಾಗ ಏರ್‌ಪೋರ್ಟಿನಲ್ಲಿ ಫೋಟೋ ತೆಗೆಸಿಕೊಂಡು ಸ್ಟೇಟಸ್ ಹಾಕುತ್ತೇವೆ. ಕೋಡ್ ಬರೆಯಲು ಹೋದವನು ಹೆಮ್ಮೆಯ ಮಗ, ಅದೇ ಮನುಷ್ಯ ಸಂಜೆ ಬಾಲ್ ಹಿಡಿದರೆ ದ್ರೋಹಿ ಅನ್ನೋದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಪ್ರಶ್ನೆಯನ್ನು ಒಂದು ದೇಶ ಪೂರ್ತಿ ಕೇಳಿಕೊಂಡ ಉದಾಹರಣೆ ಬೇಕಾದರೆ ದಕ್ಷಿಣ ಕೊರಿಯಾ ನೋಡಿ. ಆನ್ ಹ್ಯುನ್-ಸೂ ಅಂತ ಶಾರ್ಟ್ ಟ್ರ್ಯಾಕ್ ಸ್ಕೇಟರ್. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಕೊರಿಯಾಕ್ಕೆ ಮೂರು ಚಿನ್ನ ತಂದವರು. 2008ರಲ್ಲಿ ಮಂಡಿಗೆ ಪೆಟ್ಟಾಯಿತು, 2010ರ ತಂಡದಲ್ಲಿ ಜಾಗ ಸಿಗಲಿಲ್ಲ. ಅವರ ಮತ್ತು ಅಲ್ಲಿನ ಸ್ಕೇಟಿಂಗ್ ಸಂಸ್ಥೆಯ ನಡುವೆ ಸರಿ ಇರಲಿಲ್ಲ, ಸಂಸ್ಥೆಯೊಳಗೆ ಗುಂಪುಗಾರಿಕೆ ಬೇರೆ. 2011ರಲ್ಲಿ ರಷ್ಯಾ ಪೌರತ್ವ ತೆಗೆದುಕೊಂಡು ವಿಕ್ಟರ್ ಆನ್ ಆದರು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ರಷ್ಯಾಕ್ಕೆ ಮತ್ತೆ ಮೂರು ಚಿನ್ನ. ಅದೇ ಕೂಟದಲ್ಲಿ ಕೊರಿಯಾದ ಗಂಡಸರ ಶಾರ್ಟ್ ಟ್ರ್ಯಾಕ್ ತಂಡಕ್ಕೆ ಒಂದು ಪದಕವೂ ಬರಲಿಲ್ಲ. ಆಗ ಕೊರಿಯಾದ ಜನರ ಸಿಟ್ಟು ಹೆಚ್ಚಾಗಿ ತಿರುಗಿದ್ದು ಆನ್ ಮೇಲಲ್ಲ, ಸ್ವಂತ ದೇಶದ ಸ್ಕೇಟಿಂಗ್ ಸಂಸ್ಥೆಯ ಮೇಲೆ. ಇಂಥ ಆಟಗಾರ ನಮ್ಮ ಕೈತಪ್ಪಿದ್ದು ಹೇಗೆ ಅನ್ನುವ ಪ್ರಶ್ನೆಯನ್ನು ಅಲ್ಲಿನ ಅಧ್ಯಕ್ಷರೇ ಎತ್ತಿದರು. ಸಿಟ್ಟಿಗೆ ವಿಳಾಸ ಸರಿಯಾಗಿ ಸಿಕ್ಕರೆ ಏನಾದರೂ ಉಪಯೋಗ ಆದೀತು ಅಂತ ನಾನು ಹೇಳುವುದು ಇದನ್ನೇ.

ದುಡ್ಡಿಗಾಗಿ ಹೋದರೆ? ಅದೂ ಇದೆ, ಮುಚ್ಚಿಡುವುದು ಬೇಡ. ಕೀನ್ಯಾದ ಸ್ಟೀಫನ್ ಚೆರೊನೊ 2003ರಲ್ಲಿ ಕತಾರ್‌ಗೆ ಹೋಗಿ ಸೈಫ್ ಸಯೀದ್ ಶಾಹೀನ್ ಆದರು. ಅದೇ ವರ್ಷ ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಚಿನ್ನ ಕತಾರ್‌ಗೆ ಸಿಕ್ಕಿತು. ಕೀನ್ಯಾದವರಿಗೆ ಆ ಓಟ ತಮ್ಮ ಸ್ವಂತ ಆಸ್ತಿ ಇದ್ದಂತೆ, ಹೊಟ್ಟೆ ಉರಿಯದೆ ಇರುತ್ತದಾ? ಕಾಯುವ ಅವಧಿ ಕಮ್ಮಿ ಮಾಡಲು ಕೀನ್ಯಾ ಒಪ್ಪಲಿಲ್ಲ. ಶಾಹೀನ್‌ಗೆ 2004ರ ಅಥೆನ್ಸ್ ಒಲಿಂಪಿಕ್ಸ್ ತಪ್ಪಿತು. ಅಲ್ಲಿ ಮೂರೂ ಪದಕ ಕೀನ್ಯಾದವರೇ ಹೊಡೆದುಕೊಂಡರು. ಒಲಿಂಪಿಕ್ಸ್ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್‌ನಲ್ಲಿ ಶಾಹೀನ್ 7 ನಿಮಿಷ 53.63 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅದು ಮುರಿದದ್ದು 2023ರಲ್ಲಿ! ಇಲ್ಲಿ ಯಾರ ಕಡೆ ನಿಲ್ಲಬೇಕು? ನಾನಾದರೆ ಓಟಗಾರನನ್ನು ಬೈಯುವುದಿಲ್ಲ. ಹತ್ತು ವರ್ಷದಲ್ಲಿ ಮುಗಿದುಹೋಗುವ ಕಾಲಿನ ಶಕ್ತಿ, ಅದರಲ್ಲೇ ಇಡೀ ಸಂಸಾರದ ಬದುಕು ಆಗಬೇಕು. ಆದರೆ ಪದಕವನ್ನು ಅಂಗಡಿಯಲ್ಲಿ ಕೊಳ್ಳುವ ಹಾಗೆ ಕೊಳ್ಳುವ ಸರ್ಕಾರಗಳ ಬಗ್ಗೆ ನನಗೆ ಗೌರವ ಇಲ್ಲ. ಅಥ್ಲೆಟಿಕ್ಸ್ ಸಂಸ್ಥೆಯೂ ಈ ವ್ಯಾಪಾರ ಜಾಸ್ತಿಯಾಯಿತು ಅಂತ 2017ರಲ್ಲಿ ದೇಶ ಬದಲಾವಣೆಯನ್ನೇ ತಡೆಹಿಡಿದು, ಮರುವರ್ಷ ನಿಯಮ ಬಿಗಿ ಮಾಡಿತು.

ಈಗ ಉಲ್ಟಾ ಮಾಡಿ ನೋಡಿ

ಗ್ರೂಪಿನಲ್ಲಿ ಯಾರಾದರೂ "ಹುಟ್ಟಿದ ದೇಶ ಬಿಟ್ಟು ಬೇರೆ ದೇಶಕ್ಕೆ ಆಡುವವನಿಗೆ ಮಾನ ಇಲ್ಲ" ಅಂತ ಬರೆದರೆ ಜಗಳಕ್ಕೆ ಹೋಗಬೇಡಿ. ರಾಬಿನ್ ಸಿಂಗ್ ಹುಟ್ಟಿದ್ದೆಲ್ಲಿ ಅಂತ ಕೇಳಿ ಸುಮ್ಮನಾಗಿ. ಟ್ರಿನಿಡಾಡ್. ಅಲ್ಲಿಂದ ಬಂದು, ಇಲ್ಲಿನ ಪೌರತ್ವ ಪಡೆದು, ಭಾರತಕ್ಕೆ 136 ಒನ್‌ಡೇ ಆಡಿದರು. ಮೊದಲ ಒನ್‌ಡೇ ಆಡಿದ್ದು ಟ್ರಿನಿಡಾಡ್‌ನಲ್ಲೇ, ವೆಸ್ಟ್ ಇಂಡೀಸ್ ಎದುರು, 1989ರಲ್ಲಿ. ಅವರು ಡೈವ್ ಹೊಡೆದು ರನ್ ಉಳಿಸಿದಾಗೆಲ್ಲ ನಾವು ಎದ್ದು ನಿಂತು ಕೂಗಿದ್ದೇವೆ. ಟ್ರಿನಿಡಾಡ್‌ನವರು ಏನು ಅಂದುಕೊಂಡರು ಅಂತ ಒಬ್ಬರೂ ಯೋಚನೆ ಮಾಡಲಿಲ್ಲ.

ಹಳೇ ಕಾಲಕ್ಕೆ ಹೋದರೆ ಇನ್ನೂ ಮಜಾ ಇದೆ. ನಮ್ಮ ರಣಜಿ ಟ್ರೋಫಿ ಯಾರ ಹೆಸರಿನಲ್ಲಿದೆಯೋ ಆ ರಣಜಿತ್‌ಸಿಂಹಜಿ ಆಡಿದ 15 ಟೆಸ್ಟೂ ಇಂಗ್ಲೆಂಡ್ ಪರ. ದುಲೀಪ್ ಟ್ರೋಫಿಯ ದುಲೀಪ್‌ಸಿಂಹಜಿ ಆಡಿದ್ದೂ ಇಂಗ್ಲೆಂಡ್‌ಗೇ. ಇಫ್ತಿಕಾರ್ ಅಲಿ ಖಾನ್ ಪಟೌಡಿ 1932ರಲ್ಲಿ ಇಂಗ್ಲೆಂಡ್ ಪರ ಸಿಡ್ನಿಯಲ್ಲಿ ಮೊದಲ ಟೆಸ್ಟಿನಲ್ಲೇ 102 ಹೊಡೆದು, 1946ರಲ್ಲಿ ಅದೇ ಇಂಗ್ಲೆಂಡ್‌ಗೆ ಭಾರತದ ಕ್ಯಾಪ್ಟನ್ ಆಗಿ ಹೋದರು. ಆಗಿನ ಕಾಲ ಬೇರೆ, ದೇಶ ಸ್ವತಂತ್ರ ಆಗಿರಲಿಲ್ಲ, ಒಪ್ಪಿದೆ. ಆದರೂ ದೇಶದ ದೊಡ್ಡ ಟ್ರೋಫಿಗೆ ಆ ಹೆಸರು ಇಟ್ಟುಕೊಂಡು ಕೆಂಜಿಗೆಯನ್ನು ಬೈಯುವಾಗ ಸ್ವಲ್ಪ ಯೋಚನೆ ಮಾಡಬೇಕು.

ಬೆಂಗಳೂರಿನದೇ ಹೊಸ ಉದಾಹರಣೆ ಬೇಕಾ? ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್. ಪರ್ತ್‌ನಲ್ಲಿ ಹುಟ್ಟಿದವರು, ತಾಯಿಯ ಕಡೆಯಿಂದ ಮುಂಬೈ ನಂಟು. 2025ರಲ್ಲಿ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡರು. ಅವರಿಗೆ ಹಾಕಿದ ಹಾರದಲ್ಲಿ ಒಂದು ಹೂವನ್ನಾದರೂ ನೇತ್ರವಾಲ್ಕರ್‌ಗೆ ಕೊಡಲೇಬೇಕಾಗುತ್ತದೆ.

ಹೆಮ್ಮೆ ಪಡಿ, ಆದರೆ ಎಷ್ಟು?

ರಚಿನ್ ಬಗ್ಗೆ ಬೆಂಗಳೂರಿನವರು ಹೆಮ್ಮೆ ಪಡುವುದರಲ್ಲಿ ತಪ್ಪೇನಿಲ್ಲ. ಅವರ ಅಪ್ಪ ರವಿ ಕೃಷ್ಣಮೂರ್ತಿ ಇಲ್ಲಿಂದ ಕ್ರಿಕೆಟ್ ಹುಚ್ಚು ಹೊತ್ತುಕೊಂಡು ಹೋಗಿ, ಅಲ್ಲಿ ಹಟ್ ಹಾಕ್ಸ್ ಅಂತ ಕ್ಲಬ್ ಕಟ್ಟಿ, ಹುಡುಗರನ್ನು ಆಡಿಸಲು ಭಾರತಕ್ಕೆ ಕರೆತರುತ್ತಿದ್ದರು. ಮಗನಿಗೆ ಸ್ಪಿನ್ ಆಡುವ ಕಾಲು ಎಲ್ಲಿಂದ ಬಂತು ಅಂತ ಇದರಲ್ಲೇ ಗೊತ್ತಾಗುತ್ತದೆ. ಅಷ್ಟು ನಮ್ಮ ಪಾಲು. ಆದರೆ ಕೋಚ್, ಮೈದಾನ, ಅಂಡರ್-19 ತಂಡ, ಹೊಸ ಹುಡುಗನನ್ನು ನಂಬಿ ಕಾನ್ಪುರದಲ್ಲಿ ಕಣಕ್ಕಿಳಿಸಿದ ಧೈರ್ಯ, ಇದೆಲ್ಲ ನ್ಯೂಜಿಲೆಂಡ್‌ನದು. ಸೆಂಚುರಿ ಹೊಡೆದ ದಿನ "ನಮ್ಮ ರಕ್ತ" ಅಂತ ಪೂರ್ತಿ ಕಿತ್ತುಕೊಂಡು, ಸೊನ್ನೆಗೆ ಔಟಾದ ದಿನ "ಕಿವೀಸ್" ಅಂತ ವಾಪಸ್ ಕೊಡಬೇಡಿ.

ಬೆನ್ ಸ್ಟೋಕ್ಸ್ ಇದನ್ನು ಸರಿಯಾಗಿ ನಿಭಾಯಿಸಿದರು ಅನ್ನಿಸುತ್ತದೆ. ಕ್ರೈಸ್ಟ್‌ಚರ್ಚ್‌ನಲ್ಲಿ ಹುಟ್ಟಿ, ಹನ್ನೆರಡರ ವಯಸ್ಸಿಗೆ ಇಂಗ್ಲೆಂಡ್‌ಗೆ ಹೋದವರು. 2019ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ಎದುರೇ ಔಟಾಗದೆ 84 ಹೊಡೆದು ಕಪ್ ಕಸಿದರು. ಅಷ್ಟಾದ ಮೇಲೂ ಅಲ್ಲಿ ಯಾರೋ ಅವರ ಹೆಸರನ್ನು ವರ್ಷದ ನ್ಯೂಜಿಲೆಂಡಿಗ ಪ್ರಶಸ್ತಿಗೆ ಸೂಚಿಸಿಬಿಟ್ಟರು! ಸ್ಟೋಕ್ಸ್ ಬೇಡ ಅಂದರು, ಅದಕ್ಕೆ ತಕ್ಕವರು ಕೇನ್ ವಿಲಿಯಮ್ಸನ್ ಅಂದರು.

(2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಕ್ಕೆ ಪ್ರಾಯೋಜಕರಾಗಿದ್ದು ನಮ್ಮ ನಂದಿನಿ ಹಾಲಿನವರು. ಕನ್ನಡಿಗರ ಹೆಮ್ಮೆಯ ಲೆಕ್ಕ ಹಾಕುವುದಾದರೆ ಆ ಎರಡು ತಂಡವನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.)

ಸ್ಟೇಡಿಯಂನಲ್ಲಿ ಕೂತಾಗ

2023ರ ನವೆಂಬರ್ 4ರಂದು ಚಿನ್ನಸ್ವಾಮಿಯಲ್ಲಿ ರಚಿನ್ ಪಾಕಿಸ್ತಾನದ ಎದುರು 108 ಹೊಡೆದಾಗ ಸ್ಟ್ಯಾಂಡಿನಲ್ಲಿ "ರಚಿನ್, ರಚಿನ್" ಅಂತ ಕೂಗು ಎದ್ದಿತ್ತು. ಅದು ಸುಲಭ, ಎದುರಿಗೆ ಭಾರತ ಇರಲಿಲ್ಲ. (401 ಹೊಡೆದ ನ್ಯೂಜಿಲೆಂಡ್ ಮಳೆ ಲೆಕ್ಕದಲ್ಲಿ ಸೋತಿತು. ಅದು ಬೇರೆ ಕಥೆ.) ಕಷ್ಟದ ಪರೀಕ್ಷೆ ಬಂದದ್ದು 2024ರ ಅಕ್ಟೋಬರಿನಲ್ಲಿ, ಅದೇ ಮೈದಾನದ ಟೆಸ್ಟಿನಲ್ಲಿ. ಮೊದಲ ದಿನ ಪೂರ್ತಿ ಮಳೆ. ಎರಡನೇ ದಿನ ಭಾರತ 46ಕ್ಕೆ ಆಲೌಟ್. ಆಮೇಲೆ ರಚಿನ್ 134, ಎಂಟನೇ ವಿಕೆಟಿಗೆ ಟಿಮ್ ಸೌಥಿ ಜೊತೆ 137 ರನ್ನಿನ ಜೊತೆಯಾಟ. ಚೇಸ್‌ನಲ್ಲೂ ಔಟಾಗದೆ 39. ನ್ಯೂಜಿಲೆಂಡ್ ಎಂಟು ವಿಕೆಟ್‌ನಿಂದ ಗೆದ್ದಿತು. 1988ರ ನಂತರ ಅವರು ಭಾರತದಲ್ಲಿ ಗೆದ್ದ ಮೊದಲ ಟೆಸ್ಟ್ ಅದು. ಗೆಲ್ಲಿಸಿದ್ದು ಬೆಂಗಳೂರಿನ ಮೊಮ್ಮಗ, ಬೆಂಗಳೂರಿನಲ್ಲೇ.

ಇಂಥ ದಿನ ಏನು ಮಾಡಬೇಕು ಅಂದರೆ, ಬಾಲ್ ಎಸೆಯುವವರೆಗೂ ಭಾರತದ ಕಡೆ ಇರಿ. ಅವನು ಔಟಾಗಲಿ ಅಂತ ಗಂಟಲು ಹರಿಯುವ ಹಾಗೆ ಕೂಗಿ. ನೂರು ಹೊಡೆದ ಮೇಲೆ ಎದ್ದು ಚಪ್ಪಾಳೆ ತಟ್ಟಿ. ಎರಡೂ ಒಟ್ಟಿಗೆ ಮಾಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಬೌಂಡರಿ ಹತ್ತಿರ ನಿಂತವನಿಗೆ ಕನ್ನಡದಲ್ಲಿ ಕಾಲೆಳೆಯುವುದಾದರೆ ಆಟದ ಬಗ್ಗೆ ಎಳೆಯಿರಿ, ಕ್ಯಾಚ್ ಬಿಟ್ಟರೆ ನಗಿ. ಅಪ್ಪ ಅಮ್ಮ, ಊರು, ಪಾಸ್‌ಪೋರ್ಟ್ ಮಧ್ಯೆ ತರಬೇಡಿ. ಪಕ್ಕದಲ್ಲಿ ನ್ಯೂಜಿಲೆಂಡ್ ಜರ್ಸಿ ಹಾಕಿ ಕೂತ ವಯಸ್ಸಾದವರು ಅವನ ಸಂಬಂಧಿಕರೇ ಇರಬಹುದು, ಚಿನ್ನಸ್ವಾಮಿಯಲ್ಲಂತೂ ಖಂಡಿತ ಇರಬಹುದು.

ಮೊಬೈಲಿನಲ್ಲಿ ಟೈಪ್ ಮಾಡುವ ಮುಂಚೆ ಜೂ ಯಿ ಹೆಸರು ನೆನಪಿಸಿಕೊಳ್ಳಿ. ಅಮೆರಿಕದಲ್ಲಿ ಹುಟ್ಟಿ ಚೀನಾಕ್ಕೆ ಸ್ಕೇಟಿಂಗ್ ಮಾಡಿದ ಹುಡುಗಿ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಾರಿ ಬಿದ್ದಳು. ಅಲ್ಲಿನ ಜಾಲತಾಣಗಳಲ್ಲಿ ಜನ ಮುಗಿಬಿದ್ದು ಬೈದರು. ಆಕೆಯ ಚೀನೀ ಭಾಷೆ ಸರಿ ಇಲ್ಲ ಅನ್ನೋದನ್ನೂ ಬಿಡಲಿಲ್ಲ. ಅದೇ ಒಲಿಂಪಿಕ್ಸ್‌ನಲ್ಲಿ, ಅದೇ ಅಮೆರಿಕದಲ್ಲಿ ಹುಟ್ಟಿದ ಐಲೀನ್ ಗು ಚೀನಾಕ್ಕೆ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದಳು. ಅವಳು ದೇಶದ ಕಣ್ಮಣಿ. ಇಬ್ಬರ ಕಥೆ ಹೆಚ್ಚುಕಮ್ಮಿ ಒಂದೇ, ಬಿದ್ದದ್ದು ಒಬ್ಬಳು ಅಷ್ಟೇ.

ನಿಮ್ಮ ಮಗುವೇ ಆಡುವುದಾದರೆ

ಹೊರದೇಶದಲ್ಲಿರುವ ಕನ್ನಡದ ಮನೆಗಳಲ್ಲಿ ಈಗ ಇದು ನಿಜವಾದ ಪ್ರಶ್ನೆ. ಡಲ್ಲಾಸ್‌ನಲ್ಲೋ ಮೆಲ್ಬರ್ನ್‌ನಲ್ಲೋ ಮಗಳು ಕಿರಿಯರ ತಂಡಕ್ಕೆ ಆಯ್ಕೆಯಾದರೆ ಊರಿಂದ ಫೋನ್ ಬರುತ್ತದೆ, ತಾತ ಅರ್ಧ ಖುಷಿಯಲ್ಲಿ ಅರ್ಧ ಬೇಜಾರಿನಲ್ಲಿ ಮಾತಾಡುತ್ತಾರೆ. ತಾತನಿಗೆ ಸಮಾಧಾನ ಆಮೇಲೆ ಹೇಳಬಹುದು, ಕಾಗದದ ಕೆಲಸ ಮೊದಲು ನೋಡಿ. ಮಗುವಿಗೆ ಯಾವ ಪಾಸ್‌ಪೋರ್ಟ್ ಇದೆ? ಮುಂದೆ ಭಾರತಕ್ಕೆ ಆಡುವ ಆಸೆ ಒಂದಿಷ್ಟಾದರೂ ಇದ್ದರೆ ಒಸಿಐ ಕಾರ್ಡ್ ಸಾಲುವುದಿಲ್ಲ ಅನ್ನೋದು ಈಗಲೇ ಗೊತ್ತಿರಲಿ.

ಫುಟ್ಬಾಲ್ ಆದರೆ ಇನ್ನೂ ಹುಷಾರು. ಸ್ನೇಹಪಂದ್ಯ ಆಡಿದರೆ ಕಟ್ಟು ಬೀಳುವುದಿಲ್ಲ, ಆದರೆ ಅಧಿಕೃತ ಟೂರ್ನಿಯಲ್ಲಿ ದೇಶದ ಪರ ಆಡಿದರೆ, ಕಿರಿಯರ ತಂಡವಾದರೂ ಸರಿ, ಆಮೇಲೆ ಬದಲಾಗಲು ಫಿಫಾಗೆ ಅರ್ಜಿ ಹಾಕಬೇಕು. ಹಿರಿಯರ ತಂಡಕ್ಕೆ ಅಧಿಕೃತ ಪಂದ್ಯ ಆಡಿದ ಮೇಲೂ ಬದಲಾಗಬಹುದು, ಆದರೆ 21 ತುಂಬುವ ಮುಂಚೆ ಹೆಚ್ಚೆಂದರೆ ಮೂರು ಪಂದ್ಯ, ಆಮೇಲೆ ಮೂರು ವರ್ಷದ ಬಿಡುವು, ವಿಶ್ವಕಪ್ಪಿನ ಮುಖ್ಯ ಹಂತ ಆಡಿರಬಾರದು ಅಂತ ಷರತ್ತುಗಳಿವೆ. 2020ರಲ್ಲಿ ಸಡಿಲ ಮಾಡಿದ ಮೇಲಿನ ನಿಯಮ ಇದು, ಮುಂಚೆ ಇನ್ನೂ ಬಿಗಿ ಇತ್ತು. ಕೋಚ್ ಫಾರಂ ಕೊಟ್ಟ ದಿನ ಖುಷಿಯಲ್ಲಿ ಅಲ್ಲೇ ಸೈನ್ ಹಾಕಬೇಡಿ, ಮನೆಗೆ ತಂದು ಓದಿ. ಮಗಳಿಗೆ ಹದಿನೈದು ದಾಟಿದ್ದರೆ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ, ಆಡುವವಳು ಅವಳು.